ಪೆನ್ ವೈ ಫ್ಯಾನ್ ತುದಿಯಲ್ಲಿ ಕೂತು ಚಕ್ಕುಲಿ ತಿಂದೆವು, ಅದು ಗೋರಿಯಂತೆ! ನಿಜವಾ?

ಕಾರ್ಡಿಫ್ ಮಳೆ
ಎಲ್ಲರಿಗೂ ನಮಸ್ಕಾರ. ಕಾರ್ಡಿಫ್‌ಗೆ ಬಂದು ಎರಡು ವರ್ಷ ಆಯ್ತು. ಮೊನ್ನೆ ಸೋಮವಾರ ರಜೆ ಇತ್ತು, ಮಳೆಯೂ ಇರಲಿಲ್ಲ. ಇವೆರಡೂ ಒಂದೇ ದಿನ ಸಿಗುವುದು ಇಲ್ಲಿ ಅಪರೂಪ. ಹೆಂಡತಿ, ಎಂಟು ವರ್ಷದ ಮಗಳ ಜೊತೆ ಪೆನ್ ವೈ ಫ್ಯಾನ್ ಹತ್ತಿದೆವು. 886 ಮೀಟರ್. ದಕ್ಷಿಣ ವೇಲ್ಸ್‌ನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ.

ತುದಿಯಲ್ಲಿ ಒಂದು ಕಲ್ಲಿನ ಗುಡ್ಡೆ, ಅದರ ಮೇಲೆ ಬೆಟ್ಟದ ಹೆಸರಿನ ಫಲಕ. ಫಲಕದ ಜೊತೆ ಫೋಟೋ ತೆಗೆಸಿಕೊಳ್ಳಲು ತಿರುಪತಿಯ ಹಾಗೆ ಕ್ಯೂ. ನಾವು ಪಕ್ಕದ ಕಲ್ಲುಗಳ ಮೇಲೆ ಕೂತು ಚಕ್ಕುಲಿ ಡಬ್ಬಿ ತೆಗೆದೆವು. ಮಗಳು ಅಲ್ಲಿ ಇಲ್ಲಿ ಕಲ್ಲು ಆರಿಸಿ ಗುಡ್ಡೆಯ ಮೇಲೆ ಇಡುತ್ತಿದ್ದಳು, ಬೇರೆ ಮಕ್ಕಳೂ ಇಡುತ್ತಿದ್ದರು. ಆಗ ನಾಯಿ ಹಿಡಿದುಕೊಂಡು ಬಂದ ಒಬ್ಬ ಅಜ್ಜ ನಿಂತು, ಜೋರು ಮಾಡದೆ, "ಪುಟ್ಟಾ, ಅದು ಒಬ್ಬರ ಗೋರಿ. ನಾಲ್ಕು ಸಾವಿರ ವರ್ಷ ಹಳೆಯದು" ಅಂದರು. ನನಗೆ ಬಾಯಲ್ಲಿದ್ದ ಚಕ್ಕುಲಿ ಗಂಟಲಲ್ಲಿ ಸಿಕ್ಕಿಕೊಂಡಿತು.

ನಿಜವಾಗಲೂ ಗೋರಿಯಾ, ಅಥವಾ ಮಕ್ಕಳನ್ನು ಹೆದರಿಸಲು ಹೇಳಿದರಾ? ಗೋರಿಯೇ ಆದರೆ ಅಷ್ಟು ಮೇಲೆ ಹೊತ್ತುಕೊಂಡು ಹೋಗಿ ಯಾಕೆ ಹೂಳಬೇಕು? ಕಲ್ಲು ಇಟ್ಟಿದ್ದು ತಪ್ಪಾ?

ಸುಮ್ನೆ ಓದುವವಳು
ಚಕ್ಕುಲಿ ಅವರಿಗೂ ಒಂದು ಇಟ್ಟು ಬರಬೇಕಿತ್ತು.

ಸ್ವಾನ್ಸೀ ಸುಬ್ಬಿ
ಮೊದಲು ಹೆಸರು ಸರಿ ಮಾಡೋಣ. ಫ್ಯಾನ್ ಅಲ್ಲ ಸಾರ್, ವ್ಯಾನ್! ವೆಲ್ಷ್‌ನಲ್ಲಿ ಒಂದು ಎಫ್ ಇದ್ದರೆ ವ, ಎರಡು ಇದ್ದರೆ ಮಾತ್ರ ಫ. ನಡುವಿನ 'ವೈ' ಅಲ್ಲಿ ಬರೀ 'ಅ'. ಪೆನ್ ಅ ವ್ಯಾನ್. ಮೂಲ ಪದ 'ಬ್ಯಾನ್', ಅಂದರೆ ಶಿಖರ. 'ಅ' ಹಿಂದೆ ಬಂದರೆ ಬ ಹೋಗಿ ವ ಬರುತ್ತದೆ. ಕಡು + ಬೆಳ್ಪು = ಕಡುವೆಳ್ಪು ಅಂತ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಹೆಚ್ಚು ಕಡಿಮೆ ಅದೇ ಆಟ. ಬ್ಯಾನ್‌ನ ಬಹುವಚನ ಬನ್ನೈ. ಈ ಬೆಟ್ಟ ಇರುವ ಬ್ರೆಕನ್ ಬೀಕನ್ಸ್ ರಾಷ್ಟ್ರೀಯ ಪಾರ್ಕು 2023ರ ಏಪ್ರಿಲ್‌ನಲ್ಲಿ 'ಬನ್ನೈ ಬ್ರಹೈನಿಯೋಗ್' ಅಂತ ಹೆಸರು ಬದಲಿಸಿಕೊಂಡಿತಲ್ಲ, ಅದರಲ್ಲಿ ಇರುವುದು ಇದೇ ಪದ.

ಗೋರಿ ವಿಷಯ ಗೊತ್ತಿರುವವರು ಹೇಳಲಿ.

ಹಳೇಮಡಕೆ
ಗೋರಿಯೇ. ಅಜ್ಜ ಹೇಳಿದ್ದು ಸರಿ.

ನಾನು ಪುರಾತತ್ತ್ವ ಓದಿದವಳು, ಈಗ ಮಾಡುವ ಕೆಲಸ ಬೇರೆ. ಇಂಥವನ್ನು ಕನ್ನಡದಲ್ಲಿ ಕಲ್ಗುಪ್ಪೆ ಅನ್ನುತ್ತಾರೆ. ವೆಲ್ಷ್‌ನಲ್ಲಿ ಕಾರ್ನ್, ಕಾರ್ನೆದ್. ಪೆನ್ ಅ ವ್ಯಾನ್ ಮೇಲೆ ಒಂದು, ಪಕ್ಕದ ಕೊರ್ನ್ ದೀ ಶಿಖರದ ಮೇಲೆ ಇನ್ನೊಂದು. ಎರಡೂ ಕಂಚಿನ ಯುಗದವು. ನಡುವೆ ಚಪ್ಪಡಿ ನಿಲ್ಲಿಸಿ ಮಾಡಿದ ಕಲ್ಲಿನ ಪೆಟ್ಟಿಗೆ, ಅದರಲ್ಲಿ ಸುಟ್ಟ ಮೂಳೆ, ಬೂದಿ, ಒಮ್ಮೊಮ್ಮೆ ಮಡಕೆ. ಮೇಲೆ ಕಲ್ಲಿನ ರಾಶಿ. ಪೆನ್ ಅ ವ್ಯಾನ್ ಗುಪ್ಪೆಯನ್ನು 1991ರಲ್ಲಿ ಅಗೆದರು. ಅಷ್ಟರೊಳಗೆ ಯಾರೋ ಯಾವ ಕಾಲದಲ್ಲೋ ಕೈಹಾಕಿ ಹೋಗಿದ್ದರು. ಆದರೂ ಕಂಚಿನ ಸಾಮಾನು ಸ್ವಲ್ಪ ಉಳಿದಿತ್ತು.

ನಿಮಗೆ ಆಸಕ್ತಿ ಇದ್ದರೆ ಅದೇ ಪಾರ್ಕಿನ ಪಶ್ಚಿಮ ತುದಿಗೆ ಹೋಗಿ. ಅಲ್ಲಿ ವ್ಯಾನ್ ವೋಯ್ಲ್ ಅಂತ ಬೆಟ್ಟದ ಒಂದು ಮೂಲೆ ಇದೆ, ಅದರ ಮೇಲೂ ಒಂದು ಗುಪ್ಪೆ. ಚಾರಣಿಗರ ಕಾಲ್ದಾರಿ ನೇರ ಗುಪ್ಪೆಯ ಮೇಲೆಯೇ ಹೋಗಿ ಮಣ್ಣು ಕಿತ್ತು ಬರುತ್ತಿತ್ತು. ಹಾಗಾಗಿ 2002ರಿಂದ 2004ರವರೆಗೆ ಅಗೆದು ನೋಡಿದರು. ಪೆಟ್ಟಿಗೆಯಲ್ಲಿ ಒಬ್ಬ ದೊಡ್ಡವರು ಮತ್ತು ಇಬ್ಬರು ಮಕ್ಕಳ ಸುಟ್ಟ ಮೂಳೆ, ಒಂದು ಮಡಕೆ. ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೆಡೋಸ್ವೀಟ್ ಹೂವಿನ ಪರಾಗ. ಬಿಳಿ ಗೊಂಚಲು ಗೊಂಚಲಾಗಿ ಬಿಡುವ ಹೂವು ಅದು, ತೇವದ ಜಾಗದಲ್ಲಿ ಬೆಳೆಯುತ್ತದೆ. ಯಾರೋ ಕೆಳಗಿನಿಂದ ಹೂವು ಕಿತ್ತು ತಂದು ಆ ಮೂವರ ಜೊತೆ ಇಟ್ಟಿದ್ದರು.

ಇದನ್ನು ಮೊದಲು ಓದಿದ ದಿನ ಅರ್ಧ ಗಂಟೆ ಬೇರೆ ಏನೂ ಮಾಡಲಾಗಲಿಲ್ಲ.

ಕಾರ್ಡಿಫ್ ಮಳೆ
ಅಯ್ಯೋ. ಮಕ್ಕಳಾ.

ಕುಂದಾಪ್ರ ಭಟ್ರು
ಹೂವು ಅಂತ ಹೇಗೆ ಗ್ಯಾರಂಟಿ ಮಾರಾಯ್ರೆ? ಮೆಡೋಸ್ವೀಟ್ ಹಾಕಿ ಜೇನಿನ ಮದ್ಯ ಮಾಡುತ್ತಿದ್ದರು. ಸ್ಕಾಟ್ಲೆಂಡಿನ ಆಶ್‌ಗ್ರೋವ್ ಅನ್ನುವ ಕಡೆ ಇಂಥದೇ ಗೋರಿಯಲ್ಲಿ ಇದೇ ಪರಾಗ ಸಿಕ್ಕಿದಾಗ ಮಡಕೆಯಲ್ಲಿ ಇದ್ದದ್ದು ಮದ್ಯ ಅಂತಲೇ ಹೇಳಿದ್ದರು. ಹೂವೋ ಹೆಂಡವೋ ಯಾರಿಗೆ ಗೊತ್ತು!

ಹಳೇಮಡಕೆ
ಭಟ್ರೇ, ಆ ವಾದ ಇದೆ, ಒಪ್ಪುತ್ತೇನೆ. ಆಶ್‌ಗ್ರೋವ್ ಬಗ್ಗೆಯೂ ಆಮೇಲೆ ಕೆಲವರು ಇಲ್ಲ, ಅದೂ ಹೂವೇ ಇರಬಹುದು ಅಂದಿದ್ದಾರೆ. ವ್ಯಾನ್ ವೋಯ್ಲ್‌ನಲ್ಲಿ ಅಗೆದವರು ಹೂವು ಇಟ್ಟಿದ್ದು ಅಂತಲೇ ಓದಿದ್ದಾರೆ. ಎರಡೂ ಇದ್ದರೂ ತಪ್ಪಿಲ್ಲ. ನಮ್ಮ ಕಡೆಯೂ ಹಿರಿಯರ ಎಡೆಗೆ ಹೂವು ಇಡುತ್ತಾರೆ, ಕೆಲವು ಮನೆಯಲ್ಲಿ ಬಾಟಲಿಯನ್ನೂ ಇಡುತ್ತಾರೆ.

ಸುಮ್ನೆ ಓದುವವಳು
ನಮ್ಮ ತಾತನಿಗೆ ಬೀಡಿ ಇಡುತ್ತೇವೆ.

ಸ್ವಾನ್ಸೀ ಸುಬ್ಬಿ
ಮೆಡೋಸ್ವೀಟ್ ಅಂದರೆ ವೆಲ್ಷ್‌ನಲ್ಲಿ ಎರ್ವೈನ್. ಇಲ್ಲಿನ ಹಳೆಯ ಮಾಬಿನೋಗಿ ಕಥೆಗಳಲ್ಲಿ ಬ್ಲೊದೈವೆದ್ ಅನ್ನುವ ಹೆಣ್ಣನ್ನು ಮಂತ್ರವಾದಿಗಳು ಹೂವಿನಿಂದಲೇ ಮಾಡುತ್ತಾರೆ. ಓಕ್ ಮರದ್ದು, ಬ್ರೂಮ್ ಅನ್ನುವ ಗಿಡದ್ದು, ಮತ್ತು ಇದೇ ಹೂವು. ಆಸ್ಪಿರಿನ್ ಹೆಸರಿನಲ್ಲಿ 'ಸ್ಪಿರ್' ಬಂದಿದ್ದೂ ಈ ಗಿಡದ ಹಳೆಯ ಸಸ್ಯಶಾಸ್ತ್ರದ ಹೆಸರಿನಿಂದ.

ಗುಡ್ಡ ಸುತ್ತುವವ
ಎಲ್ಲ ಸರಿ. ಆದರೆ ಕಲ್ಲು ಇಟ್ಟರೆ ಏನು ಮಹಾ ತಪ್ಪು? ನಾನು ಹದಿನೈದು ವರ್ಷದಿಂದ ಬ್ರಿಟನ್ನಿನ ಬೆಟ್ಟ ಹತ್ತುತ್ತಿದ್ದೇನೆ. ಪ್ರತಿ ತುದಿಯಲ್ಲೂ ಒಂದು ಕಲ್ಲು ಇಡುತ್ತೇನೆ. ಮಂಜು ಕವಿದಾಗ ದಾರಿ ತೋರಿಸುವುದು ಇದೇ ಗುಪ್ಪೆಗಳು. ಸತ್ತವರ ಮೇಲೆ ಕಲ್ಲು ಸೇರಿಸುವುದು ಹಳೆಯ ಪದ್ಧತಿಯೇ ಅಲ್ವಾ? ನಾಲ್ಕು ಸಾವಿರ ವರ್ಷದಿಂದ ಬೆಳೆಯುತ್ತಾ ಬಂದದ್ದನ್ನು ಇವತ್ತು ನಿಲ್ಲಿಸಿ ಅನ್ನಲು ನಾವು ಯಾರು?

ಹಳೇಮಡಕೆ
ಸೇರಿಸುವ ಕಲ್ಲು ಎಲ್ಲಿಂದ ಬರುತ್ತದೆ ಅಂತ ನೋಡಿದ್ದೀರಾ? ಮನೆಯಿಂದ ಯಾರೂ ತರುವುದಿಲ್ಲ. ಅಲ್ಲೇ ಕಾಲ ಬುಡದಲ್ಲಿ ಇರುವುದನ್ನು ಕೀಳುತ್ತಾರೆ. ಆ ಬುಡದ ಕಲ್ಲು ಎಷ್ಟೋ ಸಲ ಗುಪ್ಪೆಯ ಅಂಚುಗಲ್ಲು ಆಗಿರುತ್ತದೆ. ಸುತ್ತ ವೃತ್ತಾಕಾರವಾಗಿ ನಿಲ್ಲಿಸಿದ್ದು. ಅದನ್ನು ಕಿತ್ತು ಮೇಲೆ ಇಟ್ಟರೆ ಎತ್ತರ ಜಾಸ್ತಿ ಆಗುತ್ತದೆ, ಆಕಾರ ಹೋಗುತ್ತದೆ. ಇನ್ನು ಗಾಳಿಗೆ ಮರೆ ಬೇಕು ಅಂತ ನಡುವೆ ತೋಡಿ ಕುದುರೆ ಲಾಳದ ಹಾಗೆ ಗೋಡೆ ಕಟ್ಟಿಕೊಳ್ಳುವವರ ಕಥೆಯೇ ಬೇರೆ. ಸರಿಯಾಗಿ ಪೆಟ್ಟಿಗೆ ಇರುವ ಕಡೆಯೇ ತೋಡುತ್ತಾರೆ.

ಇನ್ನೊಂದು, ಇವುಗಳಲ್ಲಿ ಬಹಳಷ್ಟು ಕಾನೂನಿನ ರಕ್ಷಣೆ ಇರುವ ಸ್ಮಾರಕಗಳು. ಕೆಡಿಸುವುದು ಅಪರಾಧ. ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಹೆಸರು ಕಾದೂ. ವೆಲ್ಷ್‌ನಲ್ಲಿ ಅದರ ಅರ್ಥ ಕಾಪಾಡು.

ಸ್ವಾನ್ಸೀ ಸುಬ್ಬಿ
ಕಾದೂ, ಕಾದಿಡು. ಎಷ್ಟು ಹತ್ತಿರ ಅಲ್ವಾ!

ಹಳೇಮಡಕೆ
ಸುಬ್ಬಿ, ದಯವಿಟ್ಟು ಇಲ್ಲಿಂದ ವೆಲ್ಷ್ ಕನ್ನಡದಿಂದ ಹುಟ್ಟಿತು ಅಂತ ಯಾರೂ ಶುರು ಮಾಡಬೇಡಿ.

ಗುಡ್ಡ ಸುತ್ತುವವ
ಅಂಚುಗಲ್ಲಿನ ಮಾತು ಒಪ್ಪಿದೆ. ಆದರೂ ಪೂರ್ತಿ ಒಪ್ಪಲಾರೆ. ಡ್ರಗಾರ್ನ್ ವೌರ್ ನೋಡಿದ್ದೀರಾ? ಮಧ್ಯ ವೇಲ್ಸ್‌ನಲ್ಲಿದೆ, 645 ಮೀಟರ್. ತುದಿಯಲ್ಲಿ ಜೇನುಗೂಡಿನ ಆಕಾರದ ಎರಡು ದೊಡ್ಡ ಗುಪ್ಪೆಗಳು. ಬುಡ ಕಂಚಿನ ಯುಗದ್ದು, ಮೇಲಿನ ಚೆಂದದ ಕಟ್ಟಡ ಇತ್ತೀಚಿನ ಕಾಲದ ಜನ ಕಟ್ಟಿದ್ದು. ಸುತ್ತ ಮೈಲಿಗಟ್ಟಲೆ ಜೌಗು ಹುಲ್ಲು, ಅದರ ನಡುವೆ ಅವು ಕಂಡರೆ ಜೀವ ಬರುತ್ತದೆ. ಅದನ್ನೂ ಕೆಡವುತ್ತೀರಾ?

ಹಳೇಮಡಕೆ
ಕೆಡವಿ ಅಂತ ಯಾರು ಹೇಳಿದರು? ಇನ್ನು ಮುಂದೆ ಕೀಳಬೇಡಿ ಅಂದೆ ಅಷ್ಟೆ.

ಮೊಳಕಾಲ್ಮೂರು ಮೇಷ್ಟ್ರು
ಒಂದು ವಿಷಯ ಸೇರಿಸುತ್ತೇನೆ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಕಲ್ಲಿನ ಪೆಟ್ಟಿಗೆಯ ಗೋರಿಗಳನ್ನು ಅಗೆದರು. ಅಲ್ಲಿನ ಅಶೋಕನ ಶಾಸನದಿಂದ ಊರು ಮೊದಲೇ ಪ್ರಸಿದ್ಧ. ಅದೇ ವೀಲರ್ ಭಾರತಕ್ಕೆ ಬರುವ ಎಷ್ಟೋ ಮೊದಲು, 1920ರ ದಶಕದಲ್ಲಿ ಕಾರ್ಡಿಫ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಇದ್ದರು, ಅದರ ನಿರ್ದೇಶಕರೂ ಆದರು. ಬ್ರೆಕನ್ ಊರಿನ ಪಕ್ಕದ ರೋಮನ್ ಕೋಟೆಯನ್ನು 1924-25ರಲ್ಲಿ ಅಗೆದವರೂ ಅವರೇ. ಅಂದರೆ ನಮ್ಮ ಪ್ರಶ್ನೆ ಕೇಳಿದವರು ಹತ್ತಿದ ಬೆಟ್ಟದ ಉತ್ತರದ ತಪ್ಪಲಲ್ಲೇ ಕೆಲಸ ಮಾಡಿ, ಆಮೇಲೆ ನಮ್ಮೂರ ಬಿಸಿಲಿಗೆ ಬಂದರು. ಮಕ್ಕಳಿಗೆ ಪಾಠ ಮಾಡುವಾಗ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ.

ಗಂಗಾವತಿ ಗಾಳಿ
ಮೇಷ್ಟ್ರೇ, ಬ್ರಹ್ಮಗಿರಿ ಅಂದ ಕೂಡಲೇ ಎಲ್ಲರೂ ವೀಲರ್ ಅನ್ನುತ್ತಾರೆ. ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಅದಕ್ಕಿಂತ ಮೊದಲೇ ಅಲ್ಲಿ ಅಗೆದಿದ್ದರು. ಅವರ ಹೆಸರು ಯಾಕೆ ಬರುವುದಿಲ್ಲ?

ಮೊಳಕಾಲ್ಮೂರು ಮೇಷ್ಟ್ರು
ನ್ಯಾಯವಾದ ಮಾತು. ತಿದ್ದಿಕೊಂಡೆ. ಕೃಷ್ಣ ಅವರು ಮೊದಲು, ವೀಲರ್ ಆಮೇಲೆ.

ಗಂಗಾವತಿ ಗಾಳಿ
ನಮ್ಮ ಹಿರೇಬೆಣಕಲ್ ಗುಡ್ಡದ ಮೇಲೂ ನೂರಾರು ಕಲ್ಮನೆ, ಅಂದರೆ ಚಪ್ಪಡಿ ಕಲ್ಲಿನ ಗೋರಿ, ಇವೆ. ಊರವರು ಮೋರ್ಯರ ಮನೆ ಅನ್ನುತ್ತಾರೆ. ಅವೂ ಗುಡ್ಡದ ಮೇಲೆ, ಇವೂ ಬೆಟ್ಟದ ಮೇಲೆ. ಎರಡೂ ಒಂದೇ ಜನ ಕಟ್ಟಿರಬೇಕು ಅನ್ನಿಸುತ್ತದೆ. ವಲಸೆ ಹೋಗಿರಬಹುದು.

ಹಳೇಮಡಕೆ
ಇಲ್ಲ ಗುರುವೇ. ವೇಲ್ಸ್‌ನ ಗುಪ್ಪೆಗಳು ಬಹುಪಾಲು ಕ್ರಿ.ಪೂ. 2300ರಿಂದ 1500ರ ಒಳಗಿನವು, ಅಲ್ಲಿ ಇನ್ನೂ ಕಬ್ಬಿಣ ಬಂದಿರಲಿಲ್ಲ. ನಮ್ಮ ಬೃಹತ್ ಶಿಲಾ ಗೋರಿಗಳು ಹೆಚ್ಚಾಗಿ ಕಬ್ಬಿಣದ ಯುಗದವು. ನಡುವೆ ನೂರಾರು ವರ್ಷ, ಅರ್ಧ ಭೂಮಿ. ಕಲ್ಲು ಸಿಗುವ ಕಡೆ ಜನ ಕಲ್ಲಿನಲ್ಲಿ ಕಟ್ಟುತ್ತಾರೆ, ಅದಕ್ಕೆ ನೆಂಟಸ್ತನ ಬೇಕಿಲ್ಲ.

ಆದರೆ ಈ ಗೊಂದಲ ನಿಮ್ಮೊಬ್ಬರದಲ್ಲ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1850ರ ಆಸುಪಾಸಿನಲ್ಲಿ ರಾಜನಕೋಳೂರು, ಜೇವರ್ಗಿ ಕಡೆಯ ಗೋರಿಗಳನ್ನು ನೋಡಿ, ಕೆಲವನ್ನು ಅಗೆದು, ಇವು ಬ್ರಿಟನ್ನಿನವುಗಳ ಹಾಗೇ ಇವೆಯಲ್ಲ ಅಂತ ಬೆರಗಾಗಿದ್ದರು. ಕಲ್ಮನೆಗೆ ಅವರು ಬಳಸಿದ ಪದ ಕ್ರೋಮ್ಲೆಕ್. ಅದು ವೆಲ್ಷ್ ಮಾತು, ಬಾಗಿದ ಚಪ್ಪಡಿ ಅಂತ. ಕಲ್ಲುಪೆಟ್ಟಿಗೆಗೆ ಕಿಸ್ಟ್‌ವೇನ್. ವೆಲ್ಷ್‌ನ 'ಕಿಸ್ಟ್ ವೈನ್' ಅಂದರೂ ಕಲ್ಲಿನ ಪೆಟ್ಟಿಗೆಯೇ. ಸುರಪುರದ ಬಿಸಿಲಲ್ಲಿ ಜ್ವಾರಿ ಹೊಲದ ನಡುವೆ ನಿಂತು ವೆಲ್ಷ್ ಪದ ಬರೆಯುತ್ತಿದ್ದರು ಅಂದರೆ ನಗು ಬರುತ್ತದೆ.

ನಿರ್ವಾಹಕ
ವಿಷಯ ಬಿಟ್ಟು ದೂರ ಹೋಗುತ್ತಿದೆ. ಹಿರೇಬೆಣಕಲ್‌ಗೆ ಬೇರೆ ಎಳೆ ಶುರು ಮಾಡಿ. ಮೂಲ ಪ್ರಶ್ನೆಯಲ್ಲಿ ಒಂದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ: ಅಷ್ಟು ಮೇಲೆ ಯಾಕೆ?

ಕುಂದಾಪ್ರ ಭಟ್ರು
ದೇವರಿಗೆ ಹತ್ತಿರ ಅಂತ ಇರಬೇಕು. ಡ್ರೂಯಿಡ್ ಪೂಜಾರಿಗಳ ಕೆಲಸ.

ಹಳೇಮಡಕೆ
ಭಟ್ರೇ, ಡ್ರೂಯಿಡ್‌ಗಳ ಬಗ್ಗೆ ನಮಗೆ ಗೊತ್ತಿರುವುದು ರೋಮನ್ನರ ಕಾಲದ ಬರಹಗಳಿಂದ. ಈ ಗುಪ್ಪೆಗಳಿಗೆ ಆಗಲೇ ಸಾವಿರದೈನೂರು ವರ್ಷಕ್ಕೂ ಜಾಸ್ತಿ ವಯಸ್ಸಾಗಿತ್ತು.

ಯಾಕೆ ಮೇಲೆ ಅನ್ನುವುದಕ್ಕೆ ನನಗೆ ಹಿಡಿಸುವ ಉತ್ತರ ಹೇಳುತ್ತೇನೆ. ಮೇಲೆ ನಿಂತು ನೋಡಬೇಡಿ, ಕೆಳಗೆ ನಿಂತು ನೋಡಿ. ವ್ಯಾನ್ ವೋಯ್ಲ್ ಆ ಬೆಟ್ಟದ ಏಣಿನ, ಅಂದರೆ ಉದ್ದನೆಯ ನೆತ್ತಿಯ, ಅತಿ ಎತ್ತರದ ಜಾಗ ಅಲ್ಲ. ಅದು ಪಕ್ಕದಲ್ಲೇ ಇದೆ, ವ್ಯಾನ್ ಬ್ರಹೈನಿಯೋಗ್, 802 ಮೀಟರ್. ಬರೀ ಎತ್ತರವೇ ಬೇಕಿದ್ದರೆ ಮೂಳೆಯನ್ನು ಅಲ್ಲಿಗೆ ಒಯ್ಯಬಹುದಿತ್ತು. ಒಯ್ಯಲಿಲ್ಲ. ಏಣು ಉತ್ತರಕ್ಕೆ ಮೂಗಿನ ಹಾಗೆ ಚಾಚಿ ಕಡಿದು ಬೀಳುವ ಕಡೆ ಇಟ್ಟರು. ಅಲ್ಲಿಂದ ಇಡೀ ಬಯಲು ಕಾಣುತ್ತದೆ. ಅಂದರೆ ಬಯಲಿನಿಂದ ಆ ಮೂಗೂ ಕಾಣುತ್ತದೆ. ಬೇರೆ ಕಡೆಯೂ ಹೀಗೇ, ಗುಪ್ಪೆಯನ್ನು ನೆತ್ತಿಯಿಂದ ಸ್ವಲ್ಪ ಕೆಳಗೆ, ಒಂದು ಕಣಿವೆಯ ಕಣ್ಣಿಗೆ ಬೀಳುವ ಹಾಗೆ ಇಟ್ಟ ಉದಾಹರಣೆಗಳು ಬಹಳ ಇವೆ. ದನ ಮೇಯಿಸುತ್ತಾ ತಲೆ ಎತ್ತಿದರೆ ಬಾನಂಚಿನಲ್ಲಿ ಒಂದು ಗುಬುಟು. ನಮ್ಮವರು ಅಲ್ಲಿದ್ದಾರೆ, ಈ ಹುಲ್ಲು ನಮ್ಮದು.

ಆಗ ಆ ಬೆಟ್ಟಗಳು ಈಗಿನಷ್ಟು ಬರಡೂ ಆಗಿರಲಿಲ್ಲ. ಹವೆ ಚೆನ್ನಾಗಿತ್ತು, ದನ ಕುರಿ ಮೇಲೆ ಮೇಯುತ್ತಿದ್ದವು. ಈಗ ಕಾಲು ಹೂತುಹೋಗುವ ಕಪ್ಪು ಜೌಗು ಎಷ್ಟೋ ಕಡೆ ಆಮೇಲೆ ಬೆಳೆದದ್ದು.

ಎಲ್ಲ ಗುಪ್ಪೆಯೂ ಗೋರಿ ಅಲ್ಲ, ಅದನ್ನೂ ಹೇಳಬೇಕು. ಉತ್ತರ ವೇಲ್ಸ್‌ನ ಬ್ರೆನಿಗ್‌ನಲ್ಲಿ 1973-74ರಲ್ಲಿ, ಅಣೆಕಟ್ಟಿನ ಕಾರಣಕ್ಕೆ, ಒಂದಿಡೀ ಸ್ಮಶಾನವನ್ನೇ ಅಗೆದರು. ಅಲ್ಲಿ ಬಳೆಯ ಹಾಗೆ ಸುತ್ತ ಕಲ್ಲು ಜೋಡಿಸಿದ ಒಂದು ಗುಪ್ಪೆಯೊಳಗೆ ಇದ್ದಿಲು ತುಂಬಿದ ಗುಂಡಿಗಳು ಸಿಕ್ಕವು. ಪೂಜೆಯೋ ಶ್ರಾದ್ಧವೋ, ಅಂತೂ ಜನ ಮತ್ತೆ ಮತ್ತೆ ಬಂದು ಏನೋ ಮಾಡುತ್ತಿದ್ದರು.

ಗುಡ್ಡ ಸುತ್ತುವವ
'ಈ ಹುಲ್ಲು ನಮ್ಮದು' ಅನ್ನುವುದು ಬರೀ ಊಹೆ ಅಲ್ವಾ ಅಕ್ಕ?

ಹಳೇಮಡಕೆ
ಹೌದು, ಊಹೆ. ಜಾಗ ಆರಿಸಿದ ರೀತಿ ಮಾತ್ರ ಕಣ್ಣಿಗೆ ಕಾಣುವ ಸಂಗತಿ.

ಸ್ವಾನ್ಸೀ ಸುಬ್ಬಿ
ನಾನು ನೋಡಿದ್ದರಲ್ಲಿ ಮರೆಯಲಾಗದ್ದು ಪಶ್ಚಿಮ ವೇಲ್ಸ್‌ನ ಪ್ರೆಸೆಲಿ ಬೆಟ್ಟಸಾಲಿನ ವೋಯ್ಲ್ ಡ್ರಗಾರ್ನ್. 363 ಮೀಟರ್ ಅಷ್ಟೆ, ಮಕ್ಕಳೂ ಹತ್ತಬಹುದು. ನೆತ್ತಿಯಲ್ಲಿ ಮೂರು ಭಾರೀ ಗುಪ್ಪೆ ಸಾಲಾಗಿ. ಹೆಸರಿನ ಅರ್ಥವೇ ಮೂರು ಗುಪ್ಪೆಯ ಬೋಳುಗುಡ್ಡ. ವಿಶೇಷ ಏನಪ್ಪಾ ಅಂದರೆ, ಗುಪ್ಪೆ ಕಟ್ಟಿ ಸಾವಿರ ವರ್ಷ ಕಳೆದ ಮೇಲೆ ಕಬ್ಬಿಣದ ಯುಗದವರು ಅದೇ ಗುಡ್ಡದ ಸುತ್ತ ಕೋಟೆ ಕಟ್ಟಿಕೊಂಡು ವಾಸ ಮಾಡಿದರು. ಇನ್ನೂರಕ್ಕೂ ಜಾಸ್ತಿ ಮನೆಕಟ್ಟೆಗಳ ಗುರುತು ಇದೆ. ಕೋಟೆ ಗೋಡೆಗೆ ರಾಶಿ ರಾಶಿ ಕಲ್ಲು ಬೇಕಲ್ಲ? ಕೈಗೆ ಸಿಗುವ ಹಾಗೆ ಮೂರು ಗುಡ್ಡೆ ಇತ್ತು. ಹಾಗೇ ಬಿಟ್ಟರು.

ಅದೇ ಬೆಟ್ಟಸಾಲಿನಿಂದಲೇ ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಲ್ಲುವೃತ್ತದ ನೀಲಿಗಲ್ಲುಗಳು ಹೋಗಿದ್ದು, ಅದು ನಿಮಗೆಲ್ಲ ಗೊತ್ತಿರುವುದೇ.

ಮೊಳಕಾಲ್ಮೂರು ಮೇಷ್ಟ್ರು
ಗುಡ್ಡ ಸುತ್ತುವವರೇ, ಇದಕ್ಕೆ ಏನಂತೀರಿ?

ಗುಡ್ಡ ಸುತ್ತುವವ
ಹೆದರಿ ಬಿಟ್ಟಿರಬಹುದು! ನಾನು ಸೋತೆ ಅಂತ ಬರೆಯುವುದಿಲ್ಲ. ಆದರೆ ಮುಂದಿನ ಸಲದಿಂದ ಕಲ್ಲು ಇಡುವುದಿಲ್ಲ, ಸರಿನಾ?

ಸುಮ್ನೆ ಓದುವವಳು
ಇದು ಸೋಲೇ.

ಕುಂದಾಪ್ರ ಭಟ್ರು
ವೇಲ್ಸ್‌ನ ಅತಿ ಎತ್ತರದ ಸ್ನೋಡನ್ ಕೂಡ ಗೋರಿಯೇ. ಅದರ ಸ್ವಂತ ಹೆಸರು ಅರ್ ವಿದ್‌ವಾ, ಅಂದರೆ ಗೋರಿದಿಬ್ಬ. ರಿಟ್ಟಾ ಅನ್ನುವ ರಾಕ್ಷಸ ತಾನು ಗೆದ್ದ ರಾಜರ ಗಡ್ಡ ಕಿತ್ತು ಹೊದಿಕೆ ಹೊಲಿಸಿಕೊಂಡಿದ್ದನಂತೆ. ಆರ್ಥರ್ ರಾಜನ ಗಡ್ಡವನ್ನೂ ಕೇಳಿದ. ಆರ್ಥರ್ ಅವನನ್ನು ಕೊಂದು ಮೇಲೆ ಕಲ್ಲು ಹೇರಿಸಿದ. ಈಗ ಅದರ ನೆತ್ತಿಗೆ ರೈಲು ಹೋಗುತ್ತದೆ, ಮೇಲೆ ಕಾಫಿ ಸಿಗುತ್ತದೆ. ಚಕ್ಕುಲಿ ತಿಂದವರು ಬೇಜಾರು ಮಾಡಿಕೊಳ್ಳಬೇಡಿ.

ಸ್ವಾನ್ಸೀ ಸುಬ್ಬಿ
ಆರ್ಥರ್ ಅಂದ ಮೇಲೆ ಅವನ ನಾಯಿಯ ಕಥೆಯನ್ನೂ ಹೇಳಿಬಿಡುತ್ತೇನೆ. ರೈಯಾಡರ್ ಊರಿನ ಹತ್ತಿರ ಕಾರ್ನ್ ಗವಾಚ್ಟ್ ಅಂತ ಬೆಟ್ಟ (ಕೊನೆಯ 'ಟ್'ಗಿಂತ ಮೊದಲಿನ ಸದ್ದು ಬರೆಯಲು ಕನ್ನಡದಲ್ಲಿ ಲಿಪಿಯೇ ಇಲ್ಲ, ನಾಲಿಗೆಯನ್ನು 'ಲ'ಗೆ ಇಟ್ಟು ಊದಬೇಕು). 9ನೇ ಶತಮಾನದ 'ಹಿಸ್ಟೋರಿಯಾ ಬ್ರಿಟೋನಮ್'ನಲ್ಲಿ ಬರುವ ಗುಪ್ಪೆ ಇದೇ ಅನ್ನುತ್ತಾರೆ. ಹಂದಿ ಬೇಟೆಯಲ್ಲಿ ಆರ್ಥರನ ನಾಯಿ ಕಾಬಾಲ್ ಒಂದು ಕಲ್ಲಿನ ಮೇಲೆ ಹೆಜ್ಜೆ ಊರಿತು, ಗುರುತು ಮೂಡಿತು. ಆರ್ಥರ್ ಆ ಕಲ್ಲನ್ನು ಗುಪ್ಪೆಯ ಮೇಲೆ ಇಡಿಸಿದ. ಯಾರಾದರೂ ಅದನ್ನು ಹೊತ್ತುಕೊಂಡು ಹೋದರೆ, ಒಂದು ಹಗಲು ಒಂದು ರಾತ್ರಿ ಅವರ ಹತ್ತಿರ ಇರುತ್ತದೆ. ಮರುದಿನ ನೋಡಿದರೆ ಮತ್ತೆ ಗುಪ್ಪೆಯ ಮೇಲೆ!

ಕಾರ್ಡಿಫ್ ಮಳೆ
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ವ್ಯಾನ್ ವೋಯ್ಲ್‌ಗೆ ಹೋಗಿದ್ದೆವು. ಪಾರ್ಕಿಂಗ್‌ನಲ್ಲಿ ಜನ ಇಲ್ಲ, ಮೇಲೆ ಕ್ಯೂ ಇಲ್ಲ, ಫಲಕ ಇಲ್ಲ. ಗಾಳಿ ಮಾತ್ರ ಎಷ್ಟಿತ್ತೆಂದರೆ ಮಗಳ ಕೈ ಬಿಡಲಿಲ್ಲ. ಹಳೇಮಡಕೆ ಅಕ್ಕ ಹೇಳಿದ ಹಾಗೆ ಕೆಳಗಿನ ರಸ್ತೆಯಿಂದಲೂ ನೋಡಿದೆ. ಹತ್ತು ನಿಮಿಷ ಮೋಡ. ಆಮೇಲೆ ಸ್ವಲ್ಪ ಹೊತ್ತು ಆ ಮೂಗು ಕಂಡಿತು. ಮಗಳು "ಅಲ್ಲಿಂದ ಅವರ ಮನೆ ಕಾಣುತ್ತಿತ್ತಾ?" ಅಂದಳು. ಗೋರಿಯಲ್ಲಿ ಮಕ್ಕಳೂ ಇದ್ದರು ಅಂತ ನಾನು ಅವಳಿಗೆ ಹೇಳಿರಲಿಲ್ಲ, ಅವಳೇ ನನ್ನ ಫೋನಿನಲ್ಲಿ ಈ ಎಳೆ ಓದಿಸಿಕೊಂಡಿದ್ದಾಳೆ ಅವಳ ಅಮ್ಮನ ಹತ್ತಿರ.

ಈಗ ಹೊಸ ಸಮಸ್ಯೆ. ಮನೆಗೆ ಬಂದು ಜಾಕೆಟ್ ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಕೆಂಪು ಕಲ್ಲು ಸಿಕ್ಕಿತು. ಕೇಳಿದರೆ, ಪೆನ್ ಅ ವ್ಯಾನ್ ಮೇಲಿಂದ ತಂದದ್ದಂತೆ, ಆವತ್ತೇ. ಗುಪ್ಪೆಯದ್ದಾ ದಾರಿಯದ್ದಾ ಗೊತ್ತಿಲ್ಲ ಅನ್ನುತ್ತಾಳೆ. ಏನು ಮಾಡಲಿ?

ಹಳೇಮಡಕೆ
ಗೊತ್ತಿಲ್ಲದಿದ್ದರೆ ಗುಪ್ಪೆಯ ಮೇಲೆ ಇಡಬೇಡಿ, ದಾರಿಯ ಪಕ್ಕ ಬಿಟ್ಟರೆ ಸಾಕು.

ಕುಂದಾಪ್ರ ಭಟ್ರು
ಒಂದು ಕಲ್ಲಿಗೋಸ್ಕರ ಮತ್ತೆ 886 ಮೀಟರ್ ಹತ್ತಬೇಕಾ ಮಾರಾಯ್ರೆ?

ಗುಡ್ಡ ಸುತ್ತುವವ
ನಾನು ಮುಂದಿನ ತಿಂಗಳು ಆ ಕಡೆ ಹೋಗುತ್ತಿದ್ದೇನೆ, ಕೊಟ್ಟರೆ ಒಯ್ಯುತ್ತೇನೆ. ಮೇಲೆ ಇಡುವುದಿಲ್ಲ, ಆಣೆ.

ಸುಮ್ನೆ ಓದುವವಳು
ಒಂದು ಹಗಲು ಒಂದು ರಾತ್ರಿ ಕಾಯಿರಿ. ತಾನೇ ಹೋಗುತ್ತದೆ.

ಕಾರ್ಡಿಫ್ ಮಳೆ
ಮಗಳೂ ಅದನ್ನೇ ಹೇಳಿ ಕಲ್ಲನ್ನು ಕಿಟಕಿಯ ಹತ್ತಿರ ಇಟ್ಟು ಮಲಗಿದಳು, ಹೋಗಲು ಸುಲಭ ಆಗಲಿ ಅಂತ ಕಿಟಕಿ ಸ್ವಲ್ಪ ತೆಗೆದಿಟ್ಟು. ಬೆಳಿಗ್ಗೆ ಏಳಕ್ಕೆ ನೋಡಿದೆವು. ಇಲ್ಲೇ ಇದೆ. ಮಳೆಗೆ ಒದ್ದೆಯಾಗಿದೆ ಅಷ್ಟೆ. ಭಾನುವಾರ ಹತ್ತುತ್ತೇವೆ.